ದರ ಹೇಳುವವರು ಎಲ್ಲಿಂದ ಬಂದವರು? ವಿದ್ಯುತ್ ಆಯೋಗದ ಬಗ್ಗೆ ಒಬ್ಬ ಗಿರಣಿಯವಳ ರಿವ್ಯೂ

ದಾವಣಗೆರೆಯಲ್ಲಿ ನಮ್ಮದೊಂದು ಹಿಟ್ಟು, ಖಾರದಪುಡಿ ಗಿರಣಿ ಇದೆ. ಜೋಳ, ರಾಗಿ, ಗೋಧಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಬೀಸಿ ಕೊಡುತ್ತೇವೆ. ಗಿರಣಿ ಖರ್ಚಿನಲ್ಲಿ ಆಳಿನ ಸಂಬಳ ಬಿಟ್ಟರೆ ದೊಡ್ಡದು ಕರೆಂಟು. ಹೋಟೆಲ್, ಬಟ್ಟೆ ಅಂಗಡಿಗೆಲ್ಲ ಜನ ರಿವ್ಯೂ ಬರೆಯುತ್ತಾರೆ. ನನ್ನ ದುಡ್ಡು ಹೆಚ್ಚು ಹೋಗುವುದು ಕರೆಂಟಿಗೆ. ಆ ದರ ಎಷ್ಟು ಅಂತ ಹೇಳುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಹಾಗಾಗಿ ನನ್ನ ರಿವ್ಯೂ ಅದರದ್ದೇ. ಕಟ್ಟಡಕ್ಕಿಂತ, ವೆಬ್‌ಸೈಟಿಗಿಂತ ಜಾಸ್ತಿ ಅಲ್ಲಿ ಕೂರುವ ಜನರ ಬಗ್ಗೆ ಬರೆಯುತ್ತೇನೆ. ಯಾರು ಅವರು, ಮೊದಲು ಏನು ಕೆಲಸ ಮಾಡುತ್ತಿದ್ದರು, ಅದರಿಂದ ನಮಗೆ ಏನು ವ್ಯತ್ಯಾಸ ಅನ್ನುವುದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಇದು ಬಾಗಿಲು ತೆರೆದಿರುವ ಕಚೇರಿ. ದರ ಬದಲಾಗುವ ಮೊದಲು ಪೇಪರ್‌ನಲ್ಲಿ ನೋಟಿಸ್ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಅಫಿಡವಿಟ್ ಜೊತೆ ಕೊಡಬಹುದು. ವಕೀಲರೇ ಬೇಕು ಅಂತಿಲ್ಲ. ಬೆಂಗಳೂರಿನ ವಸಂತನಗರದಲ್ಲಿ, ಮಿಲ್ಲರ್ಸ್ ಟ್ಯಾಂಕ್ ಬೆಡ್ ಏರಿಯಾದಲ್ಲಿ ಕಚೇರಿ. ನಮ್ಮ ಭಾಗಕ್ಕೆ ಕರೆಂಟು ಕೊಡುವ ಕಂಪನಿ ಬೆಸ್ಕಾಂ. ಅದರ ದರದ ವಿಚಾರಣೆಗೆ ನಾನು ಹೋಗಿದ್ದೆ. ಎದುರಿಗೆ ಮೂರು ಕುರ್ಚಿ. ಒಂದು ಕಡೆ ಕಂಪನಿಯವರು ಲ್ಯಾಪ್‌ಟಾಪ್, ಫೈಲು ಇಟ್ಟುಕೊಂಡು ಕೂತಿದ್ದರು. ಇನ್ನೊಂದು ಕಡೆ ಕೈಗಾರಿಕಾ ಸಂಘದವರು, ರೈತರು, ಅಪಾರ್ಟ್‌ಮೆಂಟಿನ ಹಿರಿಯರು, ನನ್ನಂಥವರು. ನನ್ನ ಹೆಸರು ಕರೆದಾಗ ಎದ್ದು ಕನ್ನಡದಲ್ಲೇ ಮಾತಾಡಿದೆ. ನಾನು ಹೇಳಿದ್ದನ್ನು ಬರೆದುಕೊಂಡರು. ಇಷ್ಟು ಸುಲಭವಾಗಿ ನಮ್ಮ ಮಾತು ದಾಖಲೆಗೆ ಸೇರುವ ಸರ್ಕಾರಿ ಜಾಗ ನನಗೆ ಬೇರೆ ಗೊತ್ತಿಲ್ಲ.

ಹೋಗುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಎಲ್ಲರಿಗೂ ಹೇಳುತ್ತೇನೆ. ಆ ಮೂರು ಕುರ್ಚಿಯಲ್ಲಿ ಕೂರುವವರ ಹಿಂದಿನ ಕೆಲಸ ಏನು ಅಂತ ಓದಿಕೊಂಡು ಹೋಗಿ. ಲೆಕ್ಕಪತ್ರದವರ ಎದುರು ಮಾತಾಡುವ ರೀತಿ ಬೇರೆ, ಲೈನು ಎಳೆಸಿದ ಎಂಜಿನಿಯರ್ ಎದುರು ಬೇರೆ, ಕೋರ್ಟಿನಿಂದ ಬಂದವರ ಎದುರು ಬೇರೆ. ನಿಮ್ಮ ಹತ್ತಿರ ಇರುವುದು ಕೆಲವೇ ನಿಮಿಷ. ಯಾವ ಕಾಗದ ಮೇಲಿಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ.

ಈಗ ಜನರ ವಿಷಯಕ್ಕೆ ಬರುತ್ತೇನೆ. ಆಯೋಗ ಶುರುವಾಗಿದ್ದು 1999ರಲ್ಲಿ. ಅದೇ ವರ್ಷ ರಾಜ್ಯದ ಹಳೇ ವಿದ್ಯುತ್ ಮಂಡಳಿ ಕೆಇಬಿ ಹೋಗಿ ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಆಯಿತು. 2002ರಲ್ಲಿ ಕರೆಂಟು ಹಂಚುವುದಕ್ಕೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಕಂಪನಿಗಳು ಬಂದವು. ಮೊದಲ ಅಧ್ಯಕ್ಷ ಫಿಲಿಪೋಸ್ ಮತ್ತಾಯಿ ಐಎಎಸ್‌ನವರು. ಆಮೇಲೆ ಆ ಕುರ್ಚಿಗೆ ಬಂದ ಎಂ.ಆರ್. ಶ್ರೀನಿವಾಸಮೂರ್ತಿ, ಎಂ.ಕೆ. ಶಂಕರಲಿಂಗೇಗೌಡ ಅವರೂ ಐಎಎಸ್‌ನವರೇ. 2022ರಲ್ಲಿ ಅಧ್ಯಕ್ಷರಾದ ಪಿ. ರವಿಕುಮಾರ್ ಅದೇ ವರ್ಷ ರಾಜ್ಯದ ಮುಖ್ಯ ಕಾರ್ಯದರ್ಶಿ ಹುದ್ದೆಯಿಂದ ನಿವೃತ್ತರಾದವರು. ಅದಕ್ಕೂ ಮೊದಲು ಇಂಧನ ಇಲಾಖೆಯನ್ನೇ ನೋಡಿಕೊಂಡವರು.

ಇದರಲ್ಲಿ ತಪ್ಪು ಹುಡುಕುತ್ತಿಲ್ಲ. ಇಲಾಖೆಯ ಒಳಗಿದ್ದು ಬಂದವರಿಗೆ ಫೈಲು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುತ್ತದೆ. ಕಂಪನಿ ಕೊಟ್ಟ ಅಂಕಿ ನೋಡಿ, ಇದು ಹೋದ ವರ್ಷದ ಕಥೆಯೇ ಅಂತ ತಕ್ಷಣ ಹೇಳಬಲ್ಲರು. ಅದು ಸಣ್ಣ ವಿಷಯ ಅಲ್ಲ. ಆದರೆ ನಿಯಂತ್ರಣ ಆಯೋಗ ಹುಟ್ಟಿದ್ದೇ ದರದ ತೀರ್ಮಾನವನ್ನು ಸರ್ಕಾರದ ಕೈಯಿಂದ ಬಿಡಿಸಿ ಬೇರೆ ಕಡೆ ಇಡುವುದಕ್ಕೆ. ಕಂಪನಿಗಳು ಸರ್ಕಾರದ್ದು. ಉಚಿತ ಕರೆಂಟಿನ ತೀರ್ಮಾನ ಸರ್ಕಾರದ್ದು. ಅದರ ಸಬ್ಸಿಡಿ ಹಣವನ್ನು ಸರ್ಕಾರ ಮುಂಗಡವಾಗಿ ಕಟ್ಟಬೇಕು ಅಂತ 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಂ ಹೇಳುತ್ತದೆ. ಆ ಮಾತನ್ನು ಸರ್ಕಾರಕ್ಕೆ ನೆನಪು ಮಾಡಬೇಕಾದವರೇ ಆಯೋಗದವರು. ಮೂವತ್ತು ಮೂವತ್ತೈದು ವರ್ಷ ಸರ್ಕಾರದ ಪರವಾಗಿ ಕೆಲಸ ಮಾಡಿದವರಿಗೆ ಎದುರು ಕೂತು ಕೇಳುವ ಕೆಲಸ ಕೊಡುತ್ತೇವೆ. ಕೆಲವರು ಚೆನ್ನಾಗಿಯೇ ಮಾಡಬಹುದು. ಆದರೆ ಪ್ರತಿ ಸಲ ಅದೇ ಬಾವಿಯಿಂದ ನೀರು ಸೇದಬೇಕಾ ಅನ್ನುವುದು ನನ್ನ ಪ್ರಶ್ನೆ.

ಹಾಗೆ ಮಾಡಲೇಬೇಕು ಅಂತ ಕಾಯ್ದೆ ಏನೂ ಹೇಳುವುದಿಲ್ಲ. 84ನೇ ಕಲಂ ಪ್ರಕಾರ ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು, ಮ್ಯಾನೇಜ್‌ಮೆಂಟ್ ಇವುಗಳಲ್ಲಿ ತಿಳಿವಳಿಕೆ ಇರುವ, ಕೆಲಸ ಮಾಡಿ ತೋರಿಸಿದ ಯಾರು ಬೇಕಾದರೂ ಬರಬಹುದು. ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದವರನ್ನೂ ಅಧ್ಯಕ್ಷರನ್ನಾಗಿ ಮಾಡಬಹುದು. ಆಂಧ್ರದಲ್ಲಿ ಹಾಗೇ ಮಾಡಿದ್ದಾರೆ. ನ್ಯಾಯಮೂರ್ತಿ ಜಿ. ಭವಾನಿ ಪ್ರಸಾದ್, ಆಮೇಲೆ ನ್ಯಾಯಮೂರ್ತಿ ಸಿ.ವಿ. ನಾಗಾರ್ಜುನ ರೆಡ್ಡಿ, ಇಬ್ಬರೂ ಅಲ್ಲಿನ ಆಯೋಗದ ಅಧ್ಯಕ್ಷರಾಗಿದ್ದರು. ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಈ ವಿಷಯ ಇತ್ಯರ್ಥ ಮಾಡಿತು. ಅಧ್ಯಕ್ಷರು ನ್ಯಾಯಮೂರ್ತಿಯೇ ಆಗಬೇಕಿಲ್ಲ, ಆದರೆ ಪ್ರತಿ ಆಯೋಗದಲ್ಲೂ ಕಾನೂನು ಕ್ಷೇತ್ರದಿಂದ ಬಂದ ಒಬ್ಬ ಸದಸ್ಯರು ಇರಲೇಬೇಕು ಅಂತ ಹೇಳಿತು. ನನ್ನ ಪಾಲಿಗೆ ಅದು ಒಳ್ಳೆಯ ತೀರ್ಪು. ಆಯೋಗ ಅರ್ಧ ಕೋರ್ಟ್ ಇದ್ದ ಹಾಗೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಅದಕ್ಕಿದೆ.

ನನಗೆ ಬೇಕಾದ ಇನ್ನೊಬ್ಬರು ಎಂಜಿನಿಯರ್. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಅವುಗಳಲ್ಲಿ ಹೆಚ್ಚಿನವಕ್ಕೆ ಮೀಟರ್ ಇಲ್ಲ. ಹಾಗಾದರೆ ಪಂಪ್‌ಸೆಟ್ ಎಷ್ಟು ಯೂನಿಟ್ ಕುಡಿಯಿತು ಅಂತ ಹೇಗೆ ಗೊತ್ತಾಗುತ್ತದೆ? ಅಂದಾಜು ಮಾಡುತ್ತಾರೆ. ಸಬ್‌ಸ್ಟೇಷನ್‌ನಿಂದ ಹೊರಡುವ ಲೈನಿಗೆ ಫೀಡರ್ ಅನ್ನುತ್ತಾರೆ. ಅದು ಹೊರಟ ಕಡೆ ಇರುವ ಮೀಟರ್ ನೋಡಿ, ಅದರಲ್ಲಿ ಲೈನಿನ ನಷ್ಟ ಕಳೆದು, ಬೇರೆಯವರ ಬಳಕೆ ಕಳೆದು, ಉಳಿದದ್ದು ಪಂಪ್‌ಸೆಟ್‌ದು ಅನ್ನುತ್ತಾರೆ. ಈ ಲೆಕ್ಕ ಸಡಿಲ ಇದ್ದರೆ ಏನಾಗುತ್ತದೆ ನೋಡಿ. ಹಳೇ ತಂತಿಯಲ್ಲಿ ಬಿಸಿಯಾಗಿ ಹೋದ ಕರೆಂಟು, ಕೊಕ್ಕೆ ಹಾಕಿ ಕದ್ದ ಕರೆಂಟು ಎಲ್ಲಾ ರೈತರ ಹೆಸರಿಗೆ ಬರೆಸಿಕೊಳ್ಳಬಹುದು. ಕಾಗದದ ಮೇಲೆ ಕಂಪನಿಯ ನಷ್ಟ ಕಮ್ಮಿ, ರೈತರ ಬಳಕೆ ಜಾಸ್ತಿ ಕಾಣುತ್ತದೆ. ಸರ್ಕಾರದ ಸಬ್ಸಿಡಿ ಬಿಲ್ ಏರುತ್ತದೆ. ಅದು ಸರಿಯಾಗಿ ಬರದಿದ್ದರೆ ಕೊನೆಗೆ ನಮ್ಮಂಥವರ ದರದ ಮೇಲೆ ಬೀಳುತ್ತದೆ. ಬೈಸಿಕೊಳ್ಳುವುದು ಮಾತ್ರ ರೈತರು. ಇದನ್ನು ಹಿಡಿಯಬೇಕು ಅಂದರೆ ಫೀಡರ್ ಅಂದರೇನು, ಟ್ರಾನ್ಸ್‌ಫಾರ್ಮರ್‌ನಲ್ಲಿ ಎಷ್ಟು ಹೋಗುತ್ತದೆ, ಮೂರು ಫೇಸ್ ಎಷ್ಟು ಗಂಟೆ ಕೊಟ್ಟಿದ್ದರು ಅಂತ ಬಾಯಲ್ಲೇ ಲೆಕ್ಕ ಹಾಕುವವರು ಬೇಕು. ಕಂಬದ ಕೆಳಗೆ ನಿಂತು ಕೆಲಸ ಮಾಡಿಸಿದವರು ಬೇಕು.

ಹಿನ್ನೆಲೆಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ದೆಹಲಿಯಲ್ಲಿರುವ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ್ದು. ಅದು 1998ರಲ್ಲಿ ಶುರುವಾಯಿತು. ಮೊದಲ ಅಧ್ಯಕ್ಷ ಎಸ್.ಎಲ್. ರಾವ್ ಸರ್ಕಾರಿ ಅಧಿಕಾರಿ ಅಲ್ಲ. ಎನ್‌ಸಿಎಇಆರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಬೆಂಗಳೂರಿನವರಿಗೂ ಅವರ ಪರಿಚಯ ಇದೆ, ಇಲ್ಲಿನ ಐಸೆಕ್ ಎಂಬ ಸಂಶೋಧನಾ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಅವರ ಕಾಲದಲ್ಲಿ, 2000ದ ಜನವರಿಯಲ್ಲಿ, ಎಬಿಟಿ ಅನ್ನುವ ದರ ಪದ್ಧತಿಯ ಆದೇಶ ಬಂತು.

ಆಗ ನಮ್ಮ ದಕ್ಷಿಣದ ರಾಜ್ಯಗಳನ್ನು ಜೋಡಿಸುವ ವಿದ್ಯುತ್ ಜಾಲದ, ಅಂದರೆ ಗ್ರಿಡ್‌ನ ಸ್ಥಿತಿ ಹೇಗಿತ್ತು ಗೊತ್ತಾ? ಕರೆಂಟಿನ ಫ್ರೀಕ್ವೆನ್ಸಿ, ಅಂದರೆ ಒಂದು ಸೆಕೆಂಡಿಗೆ ಅದು ಎಷ್ಟು ಸುತ್ತು ಏರಿಳಿಯುತ್ತದೆ ಅನ್ನುವುದು, 50 ಹರ್ಟ್ಜ್ ಇರಬೇಕು. ಅದು 49ರ ಕೆಳಗೆ ಇಳಿಯುವುದು ಮಾಮೂಲಿ, ಕೆಲವೊಮ್ಮೆ 48ರ ಹತ್ತಿರಕ್ಕೂ ಹೋಗುತ್ತಿತ್ತು. ವೋಲ್ಟೇಜ್ ಬಿದ್ದರೆ ಸ್ಟೆಬಿಲೈಜರ್ ಹಾಕಬಹುದು, ಇದಕ್ಕೆ ಅದು ನಡೆಯುವುದಿಲ್ಲ. ಗಿರಣಿ ಮೋಟರ್‌ನ ವೇಗ ಫ್ರೀಕ್ವೆನ್ಸಿಯ ಜೊತೆಗೇ ಇಳಿಯುತ್ತದೆ. ಪ್ರತಿ ರಾಜ್ಯವೂ ತನ್ನ ಪಾಲಿಗಿಂತ ಜಾಸ್ತಿ ಎಳೆದುಕೊಳ್ಳುತ್ತಿತ್ತು, ಯಾಕೆಂದರೆ ಎಳೆದುಕೊಂಡರೆ ತೊಂದರೆ ಏನೂ ಇರಲಿಲ್ಲ. ಎಬಿಟಿ ಏನು ಮಾಡಿತು ಅಂದರೆ, ಹೇಳಿದ್ದಕ್ಕಿಂತ ಜಾಸ್ತಿ ಎಳೆದ ಕರೆಂಟಿನ ಬೆಲೆಯನ್ನು ಫ್ರೀಕ್ವೆನ್ಸಿಗೇ ಕಟ್ಟಿಹಾಕಿತು. ಫ್ರೀಕ್ವೆನ್ಸಿ ಇಳಿದಷ್ಟೂ ಬೆಲೆ ಏರುತ್ತದೆ. ಗ್ರಿಡ್ ಸುಸ್ತಾಗಿದ್ದಾಗ ಎಳೆದರೆ ದುಬಾರಿ, ಆರಾಮಾಗಿದ್ದಾಗ ಎಳೆದರೆ ಅಗ್ಗ. 2003ರ ಜನವರಿ 1ರಂದು ದಕ್ಷಿಣದಲ್ಲಿ ಇದು ಜಾರಿಯಾಯಿತು, ಫ್ರೀಕ್ವೆನ್ಸಿ 50ರ ಹತ್ತಿರಕ್ಕೆ ಬಂತು. ಪೊಲೀಸ್ ಬೇಕಾಗಲಿಲ್ಲ, ಬೆಲೆ ಸಾಕಾಯಿತು.

ಈ ಯೋಚನೆಯ ಹಿಂದೆ ಗಟ್ಟಿಯಾಗಿ ನಿಂತವರು ಭಾನು ಭೂಷಣ್ ಎಂಬ ಎಂಜಿನಿಯರ್, ದೇಶದ ದೊಡ್ಡ ವಿದ್ಯುತ್ ಲೈನುಗಳನ್ನು ನೋಡಿಕೊಳ್ಳುವ ಸರ್ಕಾರಿ ಕಂಪನಿ ಪವರ್‌ಗ್ರಿಡ್‌ನಲ್ಲಿ ಡೈರೆಕ್ಟರ್ ಆಗಿದ್ದವರು. ಆಮೇಲೆ ಅವರೇ ಕೇಂದ್ರ ಆಯೋಗದ ಸದಸ್ಯರಾದರು. ಎಂಜಿನಿಯರ್ ತಂದ ಯೋಚನೆ, ಅದನ್ನು ಬೆಲೆಯ ಭಾಷೆಯಲ್ಲಿ ಅರ್ಥ ಮಾಡಿಕೊಂಡ ಅಧ್ಯಕ್ಷ. ಎರಡೂ ಕೂಡಿದ್ದರಿಂದ ಕೆಲಸ ಆಯಿತು ಅಂತ ನಾನು ನಂಬುತ್ತೇನೆ. ರಾವ್ ಅವರ ನಂತರ ಅಶೋಕ್ ಬಸು, ಪ್ರಮೋದ್ ದೇವ್, ಗಿರೀಶ್ ಪ್ರಧಾನ್, ಪಿ.ಕೆ. ಪೂಜಾರಿ ಅಧ್ಯಕ್ಷರಾದರು. ಎಲ್ಲರೂ ಐಎಎಸ್‌ನವರು. ಬಸು ಮತ್ತು ಪೂಜಾರಿ ಇಬ್ಬರೂ ಕೇಂದ್ರದ ಇಂಧನ ಕಾರ್ಯದರ್ಶಿಗಳಾಗಿದ್ದವರು. 2023ರಲ್ಲಿ ಬಂದ ಜಿಷ್ಣು ಬರುವಾ ಅಸ್ಸಾಂನ ಮುಖ್ಯ ಕಾರ್ಯದರ್ಶಿಯಾಗಿದ್ದವರು. ದೆಹಲಿಯಲ್ಲೂ ಅದೇ ದಾರಿ.

ಹೊರದೇಶದಲ್ಲಿ ಬೇರೆ ದಾರಿಗಳೂ ಇವೆ. ಬ್ರಿಟನ್‌ನಲ್ಲಿ ವಿದ್ಯುತ್ ಕಂಪನಿಗಳನ್ನು ಖಾಸಗಿಗೆ ಕೊಟ್ಟಾಗ ಮೊದಲ ನಿಯಂತ್ರಕರಾಗಿ ಬಂದ ಸ್ಟೀಫನ್ ಲಿಟಲ್‌ಚೈಲ್ಡ್ ಅರ್ಥಶಾಸ್ತ್ರದ ಮೇಷ್ಟ್ರು. ಅಮೆರಿಕದ ಕೇಂದ್ರ ಇಂಧನ ಆಯೋಗಕ್ಕೆ 2009ರಲ್ಲಿ ಅಧ್ಯಕ್ಷರಾದ ಜಾನ್ ವೆಲಿಂಗ್‌ಹಾಫ್ ನೆವಾಡಾ ರಾಜ್ಯದಲ್ಲಿ ಗ್ರಾಹಕರ ಪರವಾಗಿ ವಾದ ಮಾಡುತ್ತಿದ್ದ ಸರ್ಕಾರಿ ವಕೀಲರು. ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿ ಆಯಿತು. ಬಿಲ್ ಕಟ್ಟುವವರ ಕಡೆ ನಿಂತು ವಾದ ಮಾಡಿದ ಒಬ್ಬರು ನಮ್ಮ ಮೂರು ಕುರ್ಚಿಯಲ್ಲಿ ಒಂದರಲ್ಲಿ ಕೂತರೆ ಹೇಗಿರುತ್ತದೆ, ಅಲ್ವಾ?

ಅಂಥವರು ಯಾಕೆ ಬೇಕು ಅಂತ 36 ಪೈಸೆ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 2025ರ ಏಪ್ರಿಲ್‌ನಿಂದ ಪ್ರತಿ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬಂತು. ಕೆಪಿಟಿಸಿಎಲ್ ಮತ್ತು ಎಸ್ಕಾಂ (ಬೆಸ್ಕಾಂನಂಥ ಕರೆಂಟು ಹಂಚುವ ಕಂಪನಿಗಳು) ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಸರ್ಕಾರ ಕೊಡುತ್ತಿದ್ದ ಪಾಲನ್ನು ಗ್ರಾಹಕರಿಂದ ತೆಗೆದುಕೊಳ್ಳುವುದು ಅದರ ಉದ್ದೇಶ. ಸಾವಿರ ಯೂನಿಟ್‌ಗೆ 360 ರೂಪಾಯಿ. ಆ ನೌಕರರಿಗೆ ಪಿಂಚಣಿ ಸಿಗಲೇಬೇಕು, ಮಳೆಯಲ್ಲಿ ಕಂಬ ಹತ್ತಿದವರು ಅವರು. ಆದರೆ ಅದನ್ನು ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ಹಣಕಾಸಿನ ಕಣ್ಣು ಒಂದು ಉತ್ತರ ಕೊಡುತ್ತದೆ, ಕಾನೂನಿನ ಕಣ್ಣು ಇನ್ನೊಂದು. ಖಾರ ಬೀಸಿ ಕಿಲೋಗೆ ಇಷ್ಟು ಅಂತ ತೆಗೆದುಕೊಳ್ಳುವವಳ ಕಣ್ಣಿಗೆ ಮೂರನೆಯದು ಕಾಣುತ್ತದೆ. ನಾನು ರೇಟು ಏರಿಸಿದರೆ ಗಿರಾಕಿ ಪ್ಯಾಕೆಟ್ ಪುಡಿ ಕೊಳ್ಳುತ್ತಾರೆ.

ಇನ್ನು ಆಯ್ಕೆ. ರಾಜ್ಯ ಆಯೋಗದ ಸದಸ್ಯರನ್ನು ಮೂವರ ಸಮಿತಿ ಆರಿಸುತ್ತದೆ. ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದವರು ಒಬ್ಬರು, ರಾಜ್ಯದ ಮುಖ್ಯ ಕಾರ್ಯದರ್ಶಿ, ಕೇಂದ್ರ ವಿದ್ಯುತ್ ಪ್ರಾಧಿಕಾರ ಅಥವಾ ಕೇಂದ್ರ ಆಯೋಗದ ಅಧ್ಯಕ್ಷರು. ಅವಧಿ ಐದು ವರ್ಷ, ವಯಸ್ಸು 65 ಮೀರುವಂತಿಲ್ಲ. ಬಿಟ್ಟ ಮೇಲೆ ಎರಡು ವರ್ಷ ಯಾವ ವಾಣಿಜ್ಯ ಕೆಲಸವನ್ನೂ ಒಪ್ಪಿಕೊಳ್ಳುವಂತಿಲ್ಲ. ಈ ಕೊನೆಯ ನಿಯಮ ನನಗೆ ತುಂಬಾ ಇಷ್ಟ. ಹೋಗುವಾಗ ಬಾಗಿಲು ಹಾಕಿದ್ದಾರೆ. ಬರುವಾಗ ಮಾತ್ರ ಅಂಥದ್ದಿಲ್ಲ. ಇವತ್ತು ಸರ್ಕಾರದಲ್ಲಿ, ನಾಳೆ ಆಯೋಗದಲ್ಲಿ ಅಂದರೆ ಮಧ್ಯೆ ಒಂದಿಷ್ಟು ಅಂತರ ಇರಬೇಕಿತ್ತು. 60ಕ್ಕೆ ನಿವೃತ್ತಿ, 65ಕ್ಕೆ ಮಿತಿ. ನಡುವೆ ಸರಿಯಾಗಿ ಐದು ವರ್ಷ. ಕುರ್ಚಿ ನಿವೃತ್ತರಿಗೇ ಅಳತೆ ತೆಗೆದು ಮಾಡಿಸಿದ ಹಾಗಿದೆ. ನಲವತ್ತೈದು ವಯಸ್ಸಿನ ಒಳ್ಳೆಯ ಎಂಜಿನಿಯರ್ ತನ್ನ ನೌಕರಿ ಬಿಟ್ಟು ಐದು ವರ್ಷಕ್ಕೆ ಬಂದು, ಆಮೇಲೆ ಎರಡು ವರ್ಷ ಮನೆಯಲ್ಲಿ ಕೂರುತ್ತಾರಾ?

ಅಂಕ ಕೊಡಲೇಬೇಕು ಅಂದರೆ, ಸಾಮಾನ್ಯರ ಮಾತು ಕೇಳುವ ವ್ಯವಸ್ಥೆಗೆ ಐದಕ್ಕೆ ನಾಲ್ಕೂವರೆ. ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಕಾಯ್ದೆ ಬರೆದಿರುವ ರೀತಿಗೆ ಎರಡೂವರೆ. ಈ ಎರಡೂವರೆ ಆಯೋಗದ ತಪ್ಪಲ್ಲ. ಕೇಂದ್ರ ಆಯೋಗದ ವಿಷಯದಲ್ಲಿ 77ನೇ ಕಲಂ ಸ್ಪಷ್ಟವಾಗಿದೆ. ಎಂಜಿನಿಯರಿಂಗ್ ಕಡೆಯಿಂದ ಒಬ್ಬರು, ಹಣಕಾಸಿನ ಕಡೆಯಿಂದ ಒಬ್ಬರು, ಅರ್ಥಶಾಸ್ತ್ರ, ವಾಣಿಜ್ಯ, ಕಾನೂನು, ಮ್ಯಾನೇಜ್‌ಮೆಂಟ್ ಇವುಗಳಿಂದ ಇಬ್ಬರು ಅಂತ ಕುರ್ಚಿ ಹಂಚಿದ್ದಾರೆ. ರಾಜ್ಯದ 84ನೇ ಕಲಂನಲ್ಲಿ ಆ ಹಂಚಿಕೆ ಇಲ್ಲ. ಮೂರೂ ಕುರ್ಚಿಗೆ ಒಂದೇ ಪಟ್ಟಿ.

ಕಾಯ್ದೆ ಕೇಂದ್ರದ್ದು, ಬದಲಾಗಬೇಕಾದರೆ ಸಂಸತ್ತಿನಲ್ಲೇ ಬದಲಾಗಬೇಕು. ಅದಕ್ಕೆ ನಮ್ಮ ಎಂಪಿ ಕಚೇರಿಗೆ ಒಂದು ಅರ್ಜಿ ಕೊಟ್ಟಿದ್ದೇನೆ. ರಾಜ್ಯದ ಮೂರು ಕುರ್ಚಿಯನ್ನೂ ಹಂಚಿ ಬರೆಯಿರಿ: ಒಂದು ಎಂಜಿನಿಯರಿಗೆ, ಒಂದು ಕಾನೂನಿನವರಿಗೆ, ಒಂದು ಲೆಕ್ಕ ಗೊತ್ತಿರುವವರಿಗೆ. ಅವರಲ್ಲಿ ಒಬ್ಬರಾದರೂ ಗ್ರಾಹಕರ ಪರ ಕೆಲಸ ಮಾಡಿದವರಿರಲಿ. ಸಣ್ಣ ಉದ್ದಿಮೆ ನಡೆಸುವವರು, ಗಿರಣಿಯವರು, ಪಂಪ್‌ಸೆಟ್ ಇರುವವರು ತಮ್ಮ ತಮ್ಮ ಊರಿನ ಎಂಪಿಗೆ ಇದನ್ನೇ ಬರೆದು ಕೊಡಬಹುದು. ಮುಂದಿನ ದರದ ನೋಟಿಸ್ ಪೇಪರ್‌ನಲ್ಲಿ ಬಂದಾಗ ಆಕ್ಷೇಪಣೆಯನ್ನೂ ಹಾಕಿ, ವಿಚಾರಣೆಗೆ ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದುಕೊಂಡು ಹೋಗಿ.