ಹಳೆಯ ಆರ್ಕೇಡ್ ಬೋರ್ಡಿನ ದೋಷ ಹುಡುಕಲು: ಲಾಜಿಕ್ ಪ್ರೋಬೋ, ಆಸಿಲೋಸ್ಕೋಪೋ?

ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಹಳೆಯ ಆರ್ಕೇಡ್ ಆಟದ ಪೆಟ್ಟಿಗೆಯನ್ನು ದುರಸ್ತಿ ಮಾಡಹೊರಟವರು ಲಾಜಿಕ್ ಪ್ರೋಬ್, ಆಸಿಲೋಸ್ಕೋಪ್ ಇವೆರಡರಲ್ಲಿ ಒಂದನ್ನು ಆರಿಸುವ ಮೊದಲು ಮಲ್ಟಿಮೀಟರ್ ಹಿಡಿದು, ಪವರ್ ಸಪ್ಲೈ ಬಳಿಯಲ್ಲ, ಬೋರ್ಡಿನ ಮೇಲೆಯೇ 5 ವೋಲ್ಟ್ ಇದೆಯೇ ಎಂದು ನೋಡಬೇಕು. ಮಲೆನಾಡಿನ ಮಳೆಗಾಲದ ತೇವಕ್ಕೆ ಅಂಚಿನ ಕನೆಕ್ಟರ್ ಮತ್ತು ಐಸಿ (ಚಿಪ್) ಸಾಕೆಟ್‌ಗಳು ಕಿಲುಬು ಹಿಡಿದು, ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುವುದುಂಟು.

ಲಾಜಿಕ್ ಪ್ರೋಬ್ ಅಗ್ಗದ ಸಾಧನ. ಐಸಿಯ ಒಂದು ಕಾಲಿನಲ್ಲಿ ಸಂಕೇತ ಹೈ ಇದೆಯೇ, ಲೋ ಇದೆಯೇ, ಮಿಡಿಯುತ್ತಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆಯಾದರೂ, ಪ್ರೊಸೆಸರಿಗೆ ಕ್ಲಾಕ್ (ಅದರ ಕೆಲಸಕ್ಕೆ ಲಯ ಕೊಡುವ ಮಿಡಿತ) ಬರುತ್ತಿದೆಯೇ, ಪ್ರೊಸೆಸರ್ ಸ್ತಬ್ಧವಾದರೆ ಅದನ್ನು ಮರಳಿ ಆರಂಭಿಸುವ ವಾಚ್‌ಡಾಗ್ ಪದೇಪದೇ ರೀಸೆಟ್ ಮಾಡುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು. 1980ರ ಪ್ಯಾಕ್‌ಮ್ಯಾನ್ ಬೋರ್ಡಿನ ಝಡ್80 ಪ್ರೊಸೆಸರ್ ಸುಮಾರು 3 ಮೆಗಾಹರ್ಟ್ಸ್ ವೇಗದಲ್ಲಿ ಓಡುವುದರಿಂದ ಸಾಮಾನ್ಯ ಪ್ರೋಬ್ ಅದನ್ನು ಸುಲಭವಾಗಿ ಹಿಡಿಯುತ್ತದೆ.

ಆದರೆ ಟಿಟಿಎಲ್ (ಇಂಥ ಬೋರ್ಡುಗಳಲ್ಲಿರುವ 5 ವೋಲ್ಟಿನ ಲಾಜಿಕ್ ಬಗೆ) ಚಿಪ್ಪೊಂದರ ಔಟ್‌ಪುಟ್ ಸತ್ತು, ಲೋ ಮಿತಿಯಾದ 0.8 ಮತ್ತು ಹೈ ಮಿತಿಯಾದ 2 ವೋಲ್ಟ್‌ಗಳ ನಡುವೆ ತೂಗಾಡುತ್ತಿದ್ದರೆ ಪ್ರೋಬ್ ಬಾಯಿ ಬಿಡುವುದಿಲ್ಲ. ಅದನ್ನೂ, ಒಂದೇ ಗೆರೆಯನ್ನು ಎರಡು ಚಿಪ್‌ಗಳು ಒಂದು ಹೈಗೆ, ಇನ್ನೊಂದು ಲೋಗೆ ಎಂದು ಜಗ್ಗಾಡುವುದನ್ನೂ ಅಲೆಯ ಆಕಾರಸಹಿತ ತೋರಿಸುವುದು ಆಸಿಲೋಸ್ಕೋಪ್. ಒಂದೇ ಪೆಟ್ಟಿಗೆಯನ್ನು ಸರಿಪಡಿಸುವವರಿಗೆ ಪ್ರೋಬೇ ಸಾಕೆಂಬುದು ನನ್ನ ಅಭಿಪ್ರಾಯ. ಹಲವು ಬೋರ್ಡ್‌ಗಳು ಕೈಗೆ ಬರುವಂತಿದ್ದರೆ 20 ಮೆಗಾಹರ್ಟ್ಸ್‌ನ ಹಳೆಯ ಸ್ಕೋಪನ್ನಾದರೂ ಕೊಳ್ಳುವುದು ಲೇಸು. ಎರಡನ್ನೂ ಪಿಕ್ಚರ್ ಟ್ಯೂಬಿನ ಹೈವೋಲ್ಟೇಜ್ ಭಾಗಕ್ಕೆ ತಾಗಿಸಕೂಡದು.