ಹಳೆ ಕೌದಿಗೆ ತೇಪೆ: ಪುಣೆಯಲ್ಲೊಂದು ಒಳ್ಳೆ ಕೈ

ಪುಣೆಯ ಕೋಥ್ರೂಡಿನಲ್ಲಿ ಗೋಧಡಿ (ಮರಾಠಿಯಲ್ಲಿ ಕೌದಿ) ಹೊಲಿಯುವ ಮಾವಶಿ, ಅಂದರೆ ಚಿಕ್ಕಮ್ಮನಂಥವರೊಬ್ಬರು, ಹಳೆ ಬಟ್ಟೆಯ ಪದರ ಸೇರಿಸಿ ಹೊಲಿದ ನಮ್ಮಜ್ಜಿಯ ಕೌದಿಯನ್ನು ಉಳಿಸಿಕೊಟ್ಟರು. ಇಲಿ ಕಡಿದು ಒಂದು ಮೂಲೆಯಲ್ಲಿ ಒಳಗಿನ ಪದರವೇ ಕಾಣುತ್ತಿತ್ತು. ತೇಪೆಗೆ ಅವರು ಹೊಸ ಬಟ್ಟೆ ಮುಟ್ಟುವುದೇ ಇಲ್ಲ. ಹೊಸದು ನೀರಿಗೆ ಬಿದ್ದರೆ ಕುಗ್ಗಿ, ಸುತ್ತಲಿನ ಹಳೆ ಬಟ್ಟೆಯನ್ನು ಎಳೆಯುತ್ತದೆ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಬೇಕು. ತೇಪೆಯ ಅಂಚು ಒಳಗೆ ಮಡಚಿ, ಹಳೆ ಹೊಲಿಗೆಯ ಸಾಲು ಹಿಡಿದೇ ದಾರ ಓಡಿಸಿದ್ದಾರೆ. ಸೂಜಿ ಎಲ್ಲಾ ಪದರ ದಾಟಿದೆ, ಆದರೂ ಹಿಂದೆ ಒಂದು ಗಂಟೂ ಕಾಣಲ್ಲ. ಇಳಕಲ್ ಸೀರೆಯ ಕೆಂಪು-ಬಿಳಿ ಸೆರಗಿನ ತುಂಡು ಹಾಗೇ ಇದೆ. ಎಷ್ಟು ಖುಷಿಯಾಯಿತು!

ಕೆಲಸ ಮುಗಿಯೋದು ತಡ ಜಾಸ್ತಿ. ಆದರೆ ಕೈಕೆಲಸಕ್ಕೆ ಅವಸರ ಮಾಡಬಾರದು, ಅಲ್ವಾ? ಕೊಡುವ ಮುಂಚೆ ಕೌದಿ ಒಗೆದು, ಚೆನ್ನಾಗಿ ಒಣಗಿಸಿ ಒಯ್ಯಿರಿ.