445, 2049, 22, 21: ಸ್ಟುಡಿಯೋ ಸರ್ವರ್‌ನಲ್ಲಿ ಯಾವ ಪೋರ್ಟ್ ಉಳಿಯಿತು, ಯಾವುದು ಹೋಯಿತು

ಶಿರಸಿಯಲ್ಲಿ ನಮ್ಮ ಭಾವನ ಫೋಟೋ ಸ್ಟುಡಿಯೋ ಇದೆ. ಮದುವೆ, ಮುಂಜಿ, ರಾತ್ರಿಯಿಡೀ ಯಕ್ಷಗಾನದ ರೆಕಾರ್ಡಿಂಗ್, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಫೈಲುಗಳಿಗಂತೂ ಬರವಿಲ್ಲ. ಎಲ್ಲ ಒಂದೇ ಕಡೆ ಇರಲಿ ಅಂತ ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ಎರಡು ಹಾರ್ಡ್‌ಡಿಸ್ಕ್ ಜೋಡಿಸಿ ಫೈಲ್ ಸರ್ವರ್ ಮಾಡಿದ್ದೇವೆ. ಸರ್ವರ್ ಮಾಡುವುದು ಸುಲಭ. ತಲೆನೋವು ಶುರುವಾಗುವುದು ಅದನ್ನು ಬಳಸುವ ಮಷಿನ್‌ಗಳಿಂದ. ಆಲ್ಬಮ್ ಡಿಸೈನ್ ಮಾಡುವವು ವಿಂಡೋಸ್, ವಿಡಿಯೋ ಎಡಿಟಿಂಗ್‌ಗೆ ಮ್ಯಾಕ್, ನನ್ನದು ಲಿನಕ್ಸ್ ಲ್ಯಾಪ್‌ಟಾಪ್, ಮೂಲೆಯಲ್ಲಿ ಹಳೆಯ ಝೆರಾಕ್ಸ್ ಕಮ್ ಸ್ಕ್ಯಾನರ್, ಎಲ್ಲರ ಕೈಯಲ್ಲೂ ಫೋನು, ಮತ್ತೆ ದೇವಿಮನೆ ಘಟ್ಟದ ಕೆಳಗೆ ಕುಮಟಾದಲ್ಲಿ ಕೂತು ಕೆಲಸ ಮಾಡುವ ಒಬ್ಬ ಎಡಿಟರ್. ಒಂದೊಂದಕ್ಕೆ ಒಂದೊಂದು ದಾರಿ ಬೇಕು, ಒಂದೊಂದು ದಾರಿಗೂ ಒಂದಿಷ್ಟು ಪೋರ್ಟ್, ಅಂದರೆ ಸರ್ವರ್‌ಗೆ ಒಳಬರುವ ನಂಬರ್ ಹಾಕಿದ ಬಾಗಿಲು.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ: ಕೆಲಸ ಆಗದಿದ್ದರೆ ಈ ಪೋರ್ಟ್‌ಗಳನ್ನೆಲ್ಲ ಓಪನ್ ಮಾಡಿ. ನಾನು ಉಲ್ಟಾ ಮಾಡಿದೆ. ಆ ಬಾಗಿಲುಗಳನ್ನು ಕಾಯುವ ಯುಎಫ್‌ಡಬ್ಲ್ಯು ಅನ್ನುವ ಫೈರ್‌ವಾಲ್‌ನಲ್ಲಿ ಒಳಗೆ ಬರುವುದನ್ನೆಲ್ಲ ಬಂದ್ ಮಾಡಿ, ಒಂದೊಂದೇ ಪೋರ್ಟ್ ತೆರೆಯುತ್ತಾ ಯಾವ ಮಷಿನ್‌ಗೆ ಯಾವಾಗ ಜೀವ ಬರುತ್ತದೆ ಅಂತ ನೋಡಿದೆ. ಆಗ ಗೊತ್ತಾಗಿದ್ದು, ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಪೋರ್ಟ್ ಬೇಕಾಗಿಯೇ ಇಲ್ಲ.

ಮೊದಲು ವಿಂಡೋಸ್. ಇದಕ್ಕೆ ಎಸ್‌ಎಂಬಿ (ವಿಂಡೋಸ್‌ನ ಫೈಲ್ ಹಂಚುವ ಪದ್ಧತಿ) ಬಿಟ್ಟು ಬೇರೆ ಯೋಚನೆಯೇ ಬೇಡ, ಸರ್ವರ್ ಕಡೆ ಅದನ್ನು ನಡೆಸುವ ಪ್ರೋಗ್ರಾಂ ಸಾಂಬಾ. ಯುಎಫ್‌ಡಬ್ಲ್ಯುನಲ್ಲಿ ಸಾಂಬಾ ಅಂತ ರೆಡಿ ಪ್ರೊಫೈಲ್ ಇದೆ, ಅದನ್ನು ಒಪ್ಪಿಕೊಂಡರೆ ನಾಲ್ಕು ಪೋರ್ಟ್ ಒಟ್ಟಿಗೆ ತೆರೆಯುತ್ತದೆ: ಯುಡಿಪಿ 137 ಮತ್ತು 138, ಟಿಸಿಪಿ 139 ಮತ್ತು 445 (ಯುಡಿಪಿ, ಟಿಸಿಪಿ ಅಂದರೆ ಮಾಹಿತಿ ಸಾಗಿಸುವ ಎರಡು ವಿಧಾನ). ಇವುಗಳಲ್ಲಿ ಮೊದಲ ಮೂರು ನೆಟ್‌ಬಯಾಸ್ ಅನ್ನುವ ಹಳೆಯ ನೆಟ್‌ವರ್ಕ್ ಪದ್ಧತಿಯ ಕಾಲದವು. ವಿಂಡೋಸ್ 2000 ಬಂದಾಗಿನಿಂದ ಎಸ್‌ಎಂಬಿ ನೇರವಾಗಿ 445ರಲ್ಲೇ ಓಡುತ್ತದೆ. ಹಾಗಾಗಿ ಮೂರನ್ನೂ ಬಂದ್ ಮಾಡಿ 445 ಒಂದನ್ನೇ ಇಟ್ಟೆ. ಐಪಿ ವಿಳಾಸ ಕೊಟ್ಟು ಫೋಲ್ಡರ್ ತೆರೆದರೆ ತಕ್ಷಣ ತೆರೆಯಿತು, ಕಾಪಿ ಆಯಿತು, ವೇಗದಲ್ಲಿ ಒಂದು ಚೂರೂ ಕಮ್ಮಿ ಇಲ್ಲ.

ಒಂದು ತೊಂದರೆ ಇದೆ. ಎಕ್ಸ್‌ಪ್ಲೋರರ್‌ನ ನೆಟ್‌ವರ್ಕ್ ಜಾಗದಲ್ಲಿ ಸರ್ವರ್ ಹೆಸರು ಕಾಣುವುದಿಲ್ಲ. ಭಾವ ಅದನ್ನು ನೋಡಿ "ಎಂತಾ ಮಾರಾಯ, ಸರ್ವರೇ ಹೋಯ್ತಲ್ಲ" ಅಂದ. ಹೋಗಿಲ್ಲ, ಕಾಣುವುದಿಲ್ಲ ಅಷ್ಟೇ. ಈಗಿನ ವಿಂಡೋಸ್ ಅಕ್ಕಪಕ್ಕದ ಮಷಿನ್ ಹುಡುಕುವುದು ಡಬ್ಲ್ಯುಎಸ್‌ಡಿ ಅನ್ನುವ ವ್ಯವಸ್ಥೆಯಿಂದ, ಅದಕ್ಕೆ ಯುಡಿಪಿ 3702 ಮತ್ತು ಟಿಸಿಪಿ 5357 ಬೇಕು, ಸರ್ವರ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಅಂತ ಒಂದು ಸಣ್ಣ ಪ್ರೋಗ್ರಾಂ ಓಡಬೇಕು. ಅಂದರೆ 137, 138 ತೆರೆದಿಟ್ಟರೂ ವಿಂಡೋಸ್ 10 ಅಥವಾ 11ರಲ್ಲಿ ಹೆಸರು ಕಾಣುವ ಖಾತ್ರಿ ಇಲ್ಲ. ಇಷ್ಟೆಲ್ಲ ಮಾಡುವುದಕ್ಕಿಂತ ಒಂದೊಂದು ಮಷಿನ್‌ನಲ್ಲೂ ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿಕೊಟ್ಟೆ. ಸ್ಟುಡಿಯೋದ ಹುಡುಗರಿಗೆ ಬೇಕಾಗಿದ್ದು ಝಡ್ ಡ್ರೈವ್, ನೆಟ್‌ವರ್ಕ್ ಪಟ್ಟಿ ಅಲ್ಲ. ಸಾಂಬಾ ಸೆಟ್ಟಿಂಗ್‌ನಲ್ಲಿ ನೆಟ್‌ಬಯಾಸ್ ಆಫ್ ಮಾಡಿ, ಪೋರ್ಟ್ 445 ಮಾತ್ರ ಅಂತ ಬರೆದು, ನೆಟ್‌ಬಯಾಸ್ ನೋಡಿಕೊಳ್ಳುವ ಎನ್‌ಎಂಬಿಡಿ ಸರ್ವಿಸ್ ನಿಲ್ಲಿಸಿದರೆ ಮುಗಿಯಿತು.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್‌ಗಳು ಕೈಕೊಡುತ್ತವೆ, ಯಾಕೆಂದರೆ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ) ಈಗ ಕಡ್ಡಾಯ, ಗೆಸ್ಟ್‌ಗೆ ಸೈನಿಂಗ್ ಆಗುವುದಿಲ್ಲ. ಅದನ್ನು ಪೋರ್ಟ್ ಸಮಸ್ಯೆ ಅಂದುಕೊಂಡು ಫೈರ್‌ವಾಲ್ ಕೆದಕಬೇಡಿ. ಒಬ್ಬೊಬ್ಬರಿಗೂ ಯೂಸರ್ ಮಾಡಿಕೊಡಿ, ಅಷ್ಟೇ. ಅದೇ 24ಎಚ್2ನಲ್ಲಿ 445 ಬಿಟ್ಟು ಬೇರೆ ಪೋರ್ಟ್‌ನಲ್ಲಿ ಎಸ್‌ಎಂಬಿ ಬಳಸುವ ಅವಕಾಶವನ್ನೂ ಕೊಟ್ಟಿದ್ದಾರೆ, ನೆಟ್ ಯೂಸ್ ಕಮಾಂಡ್‌ಗೆ ಟಿಸಿಪಿಪೋರ್ಟ್ ಅಂತ ಸೇರಿಸಬೇಕು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇದು ಮೊದಲೇ ಇತ್ತು. ಆದರೆ ಹಳೆಯ ವಿಂಡೋಸ್ ಒಂದು ಇದ್ದರೂ 445 ಬಿಡುವಂತಿಲ್ಲ. ಒಳಗಿನ ನೆಟ್‌ವರ್ಕ್‌ನಲ್ಲಿ ಪೋರ್ಟ್ ನಂಬರ್ ಬದಲಿಸಿ ಸಿಗುವ ಲಾಭವೂ ಏನಿಲ್ಲ.

ಮ್ಯಾಕ್‌ಗೆ ಎರಡು ದಾರಿ ಇತ್ತು. ಒಂದು ಅದರದ್ದೇ ಹಳೆಯ ಫೈಲ್ ಹಂಚುವ ಪದ್ಧತಿ ಎಎಫ್‌ಪಿ, ಪೋರ್ಟ್ 548. ಇನ್ನೊಂದು ಅದೇ 445. ಮ್ಯಾಕ್‌ಗೆ ಎಎಫ್‌ಪಿಯೇ ಒಳ್ಳೆಯದು ಅಂತ ಈಗಲೂ ಹೇಳುವವರಿದ್ದಾರೆ. ಒಂದು ಕಾಲದಲ್ಲಿ ನಿಜವಿತ್ತು. ಆದರೆ 2013ರ ಮ್ಯಾಕ್ ಆವೃತ್ತಿ ಮೇವರಿಕ್ಸ್‌ನಿಂದಲೇ ಆಪಲ್ ಎಸ್‌ಎಂಬಿಗೆ ಮೊದಲ ಮಣೆ ಹಾಕಿದೆ, 2020ರ ಬಿಗ್ ಸರ್‌ನಲ್ಲಿ ಎಎಫ್‌ಪಿ ಮೂಲಕ ಫೈಲ್ ಹಂಚುವುದನ್ನೇ ತೆಗೆದುಹಾಕಿತು. ಸರ್ವರ್‌ನಲ್ಲಿ ನೆಟಾಟಾಕ್ ಅನ್ನುವ ಪ್ರೋಗ್ರಾಂ ಹಾಕಿ ಎಎಫ್‌ಪಿ ಓಡಿಸಿ ನೋಡಿದೆ, ಓಡಿತು. ಆದರೆ ಮುಳುಗುವ ದೋಣಿಗೆ ಬಣ್ಣ ಬಳಿಯುವುದು ಯಾಕೆ? ಸಾಂಬಾದಲ್ಲಿ ಫ್ರೂಟ್ ಅನ್ನುವ ಮಾಡ್ಯೂಲ್ ಇದೆ, ಅದನ್ನು ಆನ್ ಮಾಡಿದರೆ ಮ್ಯಾಕ್‌ನ ಫೈಲುಗಳ ಜೊತೆ ಬರುವ ಹೆಚ್ಚುವರಿ ಮಾಹಿತಿಯನ್ನು ಸರ್ವರ್ ಸರಿಯಾಗಿ ನಿಭಾಯಿಸುತ್ತದೆ, ಫೋಲ್ಡರ್ ತೆರೆಯುವುದೂ ಚುರುಕಾಗುತ್ತದೆ. ಫೈಂಡರ್‌ನ ಪಕ್ಕದ ಪಟ್ಟಿಯಲ್ಲಿ ಸರ್ವರ್ ತಾನಾಗಿ ಕಾಣಬೇಕು ಅಂದರೆ ಸರ್ವರ್‌ನ ಹೆಸರು ಸಾರುವ ಅವಾಹಿ ಪ್ರೋಗ್ರಾಂ ಹಾಕಿ ಯುಡಿಪಿ 5353 ತೆರೆಯಬೇಕು. ಇದೊಂದನ್ನು ತೆರೆದಿಟ್ಟಿದ್ದೇನೆ, ಮ್ಯಾಕ್‌ನ ಟೈಮ್ ಮೆಷಿನ್ ಬ್ಯಾಕಪ್ ಇದೇ ಸರ್ವರ್‌ಗೆ ಬೀಳುತ್ತದೆ, ಅದಕ್ಕೆ ಸರ್ವರ್ ತಾನಾಗಿ ಸಿಕ್ಕರೆ ಅನುಕೂಲ.

ಈಗ ಲಿನಕ್ಸ್. ಇಲ್ಲಿ ಮಾತ್ರ ನಿಜವಾದ ಪೈಪೋಟಿ: ಎನ್‌ಎಫ್‌ಎಸ್ (ಲಿನಕ್ಸ್ ಕಡೆಯ ಫೈಲ್ ಹಂಚುವ ಪದ್ಧತಿ) ಮತ್ತು ಎಸ್‌ಎಂಬಿ. ಎನ್‌ಎಫ್‌ಎಸ್ ಅಂದ ಕೂಡಲೇ ಪೋರ್ಟ್ ರಗಳೆ ಅಂತ ಹೆದರುವವರು ಮೂರನೇ ಆವೃತ್ತಿಯನ್ನು ನೋಡಿದವರು. ಅದಕ್ಕೆ 2049 ಬೇಕು, 111 ಬೇಕು, ಮೇಲಿಂದ ಮೌಂಟ್‌ಡಿ, ಸ್ಟ್ಯಾಟ್‌ಡಿ, ಲಾಕ್‌ಡಿ ಅನ್ನುವ ಮೂರು ಸಹಾಯಕ ಪ್ರೋಗ್ರಾಂಗಳೂ ಪ್ರತಿ ಸಲ ಶುರುವಾದಾಗ ತಮಗೆ ಬೇಕಾದ ಪೋರ್ಟ್ ಹಿಡಿದುಕೊಳ್ಳುತ್ತವೆ. ಇವತ್ತು ಫೈರ್‌ವಾಲ್‌ನಲ್ಲಿ ತೆರೆದ ನಂಬರ್ ನಾಳೆ ಕರೆಂಟ್ ಹೋಗಿ ಬಂದ ಮೇಲೆ ಇರುವುದಿಲ್ಲ. ಶಿರಸಿಯ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎನ್‌ಎಫ್‌ಎಸ್ ಕಾನ್ಫಿಗ್ ಫೈಲ್‌ನಲ್ಲಿ ಅವಕ್ಕೆಲ್ಲ ಖಾಯಂ ನಂಬರ್ ಕೊಡಬಹುದು, ಆದರೆ ಯಾಕೆ ಕೊಡಬೇಕು? ನಾಲ್ಕನೇ ಆವೃತ್ತಿ ಮಾತ್ರ ಓಡಿಸಿದರೆ ಟಿಸಿಪಿ 2049 ಒಂದೇ ಸಾಕು, 111 ಕೂಡ ಬೇಡ.

ವೇಗ ನೋಡಿದರೆ, ದೊಡ್ಡ ವಿಡಿಯೋ ಫೈಲಿಗೆ ಎರಡೂ ಒಂದೇ. ಗಿಗಾಬಿಟ್ ಕೇಬಲ್‌ನ ಮಿತಿಯೇ ಸೆಕೆಂಡಿಗೆ ಸುಮಾರು 110 ಎಂಬಿ, ಎರಡೂ ಅಲ್ಲಿಗೇ ಬಂದು ನಿಲ್ಲುತ್ತವೆ. ಸಾವಿರಾರು ಸಣ್ಣ ಫೋಟೋ ಇರುವ ಫೋಲ್ಡರ್‌ನಲ್ಲಿ ಎನ್‌ಎಫ್‌ಎಸ್ ಮುಂದೆ ಹೋಯಿತು, ಥಂಬ್‌ನೇಲ್ ಮೂಡುವುದರಲ್ಲೇ ಗೊತ್ತಾಗುತ್ತಿತ್ತು.

ಆದರೂ ನಾನು ಎನ್‌ಎಫ್‌ಎಸ್ ಇಟ್ಟುಕೊಳ್ಳಲಿಲ್ಲ. ಕಾರಣ ಎರಡು. ಒಂದು, ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಪಾಸ್‌ವರ್ಡ್ ಕೇಳುವುದಿಲ್ಲ, ಐಪಿ ವಿಳಾಸ ಮತ್ತು ಯೂಸರ್ ನಂಬರ್ ನಂಬಿಕೊಂಡು ಒಳಗೆ ಬಿಡುತ್ತದೆ. ಗಿರಾಕಿಗಳು ಬಂದು ವೈಫೈ ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಇದು ಸರಿಯಲ್ಲ. ಯಾರು ಅಂತ ಗುರುತು ಪರೀಕ್ಷಿಸುವ ಕೆರ್ಬರೋಸ್ ಹಾಕಬಹುದು, ಒಂದು ಸ್ಟುಡಿಯೋಗೆ ಅದು ಅತಿಯಾಯಿತು. ಎರಡನೆಯದು ಕರೆಂಟ್. ಯುಪಿಎಸ್ ಮುಗಿದು ಸರ್ವರ್ ಆಫ್ ಆಯಿತು ಅಂದುಕೊಳ್ಳಿ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿದೆ. ಎನ್‌ಎಫ್‌ಎಸ್‌ನ ಹಾರ್ಡ್ ಮೌಂಟ್ ಆಗ ಸರ್ವರ್ ಬರುವವರೆಗೂ ಕಾಯುತ್ತಾ ಕೂರುತ್ತದೆ, ಫೈಲ್ ಮ್ಯಾನೇಜರ್ ಅಲ್ಲಾಡುವುದಿಲ್ಲ. ಸರ್ವರ್ ವಾಪಸ್ ಬಂದರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ, ಅದು ಅದರ ದೊಡ್ಡ ಗುಣ, ಬ್ಯಾಕಪ್ ಸರ್ವರ್‌ಗಳ ನಡುವೆ ಆದರೆ ನಾನೂ ಅದನ್ನೇ ಹಾಕುತ್ತೇನೆ. ಎಸ್‌ಎಂಬಿ ಸ್ವಲ್ಪ ಹೊತ್ತು ನೋಡಿ ಎರರ್ ಕೊಟ್ಟು ಸುಮ್ಮನಾಗುತ್ತದೆ. ಎದುರು ಕೂತು ಕೆಲಸ ಮಾಡುವವನಿಗೆ ಎರರ್ ಬರುವುದೇ ಮೇಲು ಅಲ್ವಾ? ಮ್ಯಾಕ್‌ನಿಂದ ಎನ್‌ಎಫ್‌ಎಸ್ ಬಳಸುವವರಿಗೆ ಒಂದು ಮಾತು: ಮ್ಯಾಕ್ 1024ಕ್ಕಿಂತ ಮೇಲಿನ ಪೋರ್ಟ್‌ನಿಂದ ಬರುತ್ತದೆ, ಲಿನಕ್ಸ್ ಸರ್ವರ್ ಅದನ್ನು ಒಪ್ಪುವುದಿಲ್ಲ. ಸರ್ವರ್‌ನಲ್ಲಿ ಯಾವ ಫೋಲ್ಡರ್ ಯಾರಿಗೆ ಅಂತ ಬರೆಯುವ ಎಕ್ಸ್‌ಪೋರ್ಟ್ ಸಾಲಿನಲ್ಲಿ ಇನ್‌ಸೆಕ್ಯೂರ್ ಅಂತ ಹಾಕಬೇಕು, ಇಲ್ಲವೇ ಮ್ಯಾಕ್ ಕಡೆ ರೆಸ್ವ್‌ಪೋರ್ಟ್ ಅಂತ ಕೊಡಬೇಕು.

ಝೆರಾಕ್ಸ್ ಮಷಿನ್ ಕಥೆ ಬೇರೆ. ಸ್ಕ್ಯಾನ್ ಮಾಡಿದ್ದನ್ನು ಸರ್ವರ್‌ಗೆ ಕಳಿಸಲು ಅದಕ್ಕೆ ಗೊತ್ತಿರುವುದು ಎರಡೇ ಭಾಷೆ: ಎಸ್‌ಎಂಬಿಯ ಒಂದನೇ ಆವೃತ್ತಿ ಮತ್ತು ಫೈಲ್ ಕಳಿಸುವ ಹಳೆಯ ಪದ್ಧತಿ ಎಫ್‌ಟಿಪಿ. ಒಂದನೇ ಆವೃತ್ತಿಯನ್ನು ಸಾಂಬಾ 2019ರ 4.11ರಲ್ಲೇ ಆಫ್ ಮಾಡಿಟ್ಟಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಜಗತ್ತೆಲ್ಲ ಹರಡಿದ್ದು ವಿಂಡೋಸ್‌ನಲ್ಲಿದ್ದ ಇದೇ ಆವೃತ್ತಿಯ ತೂತಿನಿಂದ, 445ರ ಮೂಲಕ. ಸಾಂಬಾದಲ್ಲಿ ಅದನ್ನು ವಾಪಸ್ ಆನ್ ಮಾಡಿದರೆ ಒಂದು ಫೋಲ್ಡರ್‌ಗೆ ಮಾತ್ರ ಅಂತ ಹೇಳಲು ಬರುವುದಿಲ್ಲ, ಇಡೀ ಸರ್ವರ್‌ಗೇ ಆಗುತ್ತದೆ. ಒಂದು ಸ್ಕ್ಯಾನರ್‌ಗೋಸ್ಕರ ಎಲ್ಲರ ಮಟ್ಟ ಇಳಿಸುವುದು ಬೇಡ ಅನ್ನಿಸಿತು.

ಹಾಗಾಗಿ ಎಫ್‌ಟಿಪಿ. ಪೋರ್ಟ್ ಲೆಕ್ಕದಲ್ಲಿ ಇದರಷ್ಟು ಕಿರಿಕಿರಿ ಬೇರೆ ಯಾವುದೂ ಇಲ್ಲ. 21ರಲ್ಲಿ ಮಾತುಕತೆ ಮಾತ್ರ. ಫೈಲ್ ಹೋಗುವುದಕ್ಕೆ ಇನ್ನೊಂದು ಕನೆಕ್ಷನ್. ಆಕ್ಟಿವ್ ಆದರೆ ಸರ್ವರ್ ತನ್ನ 20ರಿಂದ ಸ್ಕ್ಯಾನರ್ ಕಡೆಗೆ ಹೋಗುತ್ತದೆ, ಪ್ಯಾಸಿವ್ ಆದರೆ ಸರ್ವರ್ ಯಾವುದೋ ಒಂದು ದೊಡ್ಡ ನಂಬರ್ ಹೇಳಿ ಅಲ್ಲಿಗೆ ಬಾ ಅನ್ನುತ್ತದೆ. ಫೈರ್‌ವಾಲ್‌ಗೆ ಆ ನಂಬರ್ ಗೊತ್ತಿರುವುದಿಲ್ಲ. ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಬರುವುದಿಲ್ಲ, ಹಾಗೇ ನೇತಾಡುತ್ತದೆ ಅಂದರೆ ಬಹುಪಾಲು ಇದೇ ಕಾರಣ. ಎಫ್‌ಟಿಪಿ ನಡೆಸುವ ಪ್ರೋಗ್ರಾಂ ವಿಎಸ್‌ಎಫ್‌ಟಿಪಿಡಿಯಲ್ಲಿ ಪ್ಯಾಸಿವ್ ಪೋರ್ಟ್‌ಗಳಿಗೆ 50000ದಿಂದ 50010 ಅಂತ ಬೇಲಿ ಹಾಕಿ, ಅಷ್ಟನ್ನೂ 21ನ್ನೂ ಆ ಸ್ಕ್ಯಾನರ್‌ನ ಐಪಿಗೆ ಮಾತ್ರ ತೆರೆದೆ. ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವಂತೆ ಹೋಗುತ್ತದೆ, ಅದಕ್ಕೇ ಆ ಯೂಸರ್‌ಗೆ ಒಂದೇ ಫೋಲ್ಡರ್, ಅಲ್ಲಿ ಹಾಕಲು ಮಾತ್ರ ಅನುಮತಿ, ಡೌನ್‌ಲೋಡ್ ಇಲ್ಲ. ಮನುಷ್ಯರಿಗೆ ಎಫ್‌ಟಿಪಿ ಕೊಡುವ ಕಾಲ ಮುಗಿದಿದೆ, 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದನ್ನು ಕಿತ್ತುಹಾಕಿದವು.

ಫೋನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐಫೋನ್‌ನ ಫೈಲ್ಸ್ ಆ್ಯಪ್‌ಗೆ ಐಒಎಸ್ 13ರಿಂದ ಎಸ್‌ಎಂಬಿ ಬರುತ್ತದೆ, ಆಂಡ್ರಾಯ್ಡ್‌ನಲ್ಲಿ ಒಳ್ಳೆಯ ಫೈಲ್ ಮ್ಯಾನೇಜರ್ ಒಂದು ಹಾಕಿಕೊಂಡರೆ ಆಯಿತು. ಎರಡಕ್ಕೂ ಅದೇ 445.

ಇನ್ನು ಕುಮಟಾದ ಎಡಿಟರ್. 445ನ್ನು ಇಂಟರ್ನೆಟ್‌ಗೆ ತೆರೆಯುವ ಮಾತೇ ಇಲ್ಲ. ಉಳಿದದ್ದು ವೆಬ್‌ಡಾವ್ (ವೆಬ್‌ಸೈಟಿನ ದಾರಿಯಲ್ಲೇ ಫೈಲ್ ಹಂಚುವುದು) ಮತ್ತು ಎಸ್‌ಎಫ್‌ಟಿಪಿ. ವೆಬ್‌ಡಾವ್ ಎಚ್‌ಟಿಟಿಪಿಎಸ್ ಮೇಲೆ 443ರಲ್ಲಿ ಓಡುವುದರಿಂದ ಯಾವ ಹೋಟೆಲ್ ವೈಫೈ ಆದರೂ ದಾಟುತ್ತದೆ, ಫೋನ್ ಆ್ಯಪ್‌ಗಳಿಗೂ ಹೊಂದುತ್ತದೆ. ಆದರೆ ವಿಂಡೋಸ್‌ನಲ್ಲಿರುವ ವೆಬ್‌ಡಾವ್ ಕ್ಲೈಂಟ್ 50 ಎಂಬಿ ದಾಟಿದ ಫೈಲ್ ಇಳಿಸುವುದಿಲ್ಲ. ರಿಜಿಸ್ಟ್ರಿ ತಿದ್ದಿದರೆ 4 ಜಿಬಿವರೆಗೆ ಏರಿಸಬಹುದು, ಅಲ್ಲಿಗೆ ಕೊನೆ. 2023ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಡುವುದಾಗಿ ಹೇಳಿಯೂ ಆಗಿದೆ. ಮದುವೆಯ ವಿಡಿಯೋಗೆ 4 ಜಿಬಿ ಎಲ್ಲಿ ಸಾಲುತ್ತದೆ? ಎಸ್‌ಎಫ್‌ಟಿಪಿಗೆ 22 ಒಂದೇ ಪೋರ್ಟ್, ಲಾಗಿನ್ನೂ ಫೈಲೂ ಅದರಲ್ಲೇ, ಎಲ್ಲ ಗೂಢಲಿಪಿಯಲ್ಲಿ. ಫೈಲ್‌ಝಿಲ್ಲಾದಲ್ಲಿ ಅರ್ಧಕ್ಕೆ ನಿಂತ ಫೈಲ್ ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ, ಮಳೆಗಾಲದಲ್ಲಿ ಇದಕ್ಕಿಂತ ಬೇರೆ ಏನು ಬೇಕು. ಯೂಸರ್‌ನನ್ನು ಒಂದು ಫೋಲ್ಡರ್‌ನೊಳಗೆ ಕಟ್ಟಿಹಾಕುವಾಗ ಆ ಫೋಲ್ಡರ್ ರೂಟ್ ಹೆಸರಿನಲ್ಲೇ ಇರಬೇಕು, ಬರೆಯುವ ಜಾಗ ಅದರೊಳಗೆ ಇನ್ನೊಂದು ಮಾಡಬೇಕು, ಇಲ್ಲದಿದ್ದರೆ ಲಾಗಿನ್ನೇ ಆಗುವುದಿಲ್ಲ. 22 ಬಿಟ್ಟು ಬೇರೆ ನಂಬರ್ ಇಟ್ಟರೆ ಲಾಗ್‌ನಲ್ಲಿ ಗಲಾಟೆ ಕಮ್ಮಿಯಾಗುತ್ತದೆ, ಭದ್ರತೆ ಅಂತೇನೂ ಹೆಚ್ಚುವುದಿಲ್ಲ. ಪಾಸ್‌ವರ್ಡ್ ಲಾಗಿನ್ ಆಫ್ ಮಾಡಿ ಕೀ ಫೈಲ್ ಇದ್ದವರಿಗೆ ಮಾತ್ರ ಲಾಗಿನ್ ಇಡುವುದೇ ಸರಿ.

ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನ ಕನೆಕ್ಷನ್ ಸರ್ವರ್ ಕಡೆ ತಿರುಗಿಸಿದರೂ ಹೊರಗಿಂದ ಬರುತ್ತಿಲ್ಲ ಅಂದರೆ ರೂಟರ್‌ಗೆ ಸಿಕ್ಕ ಐಪಿ ನೋಡಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ (ಇಂಟರ್ನೆಟ್ ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ, ನಿಮ್ಮ ರೂಟರ್‌ನಲ್ಲಿ ಏನು ತೆರೆದರೂ ವ್ಯರ್ಥ. ನಮ್ಮದೂ ಹಾಗೇ ಇತ್ತು. ಒಂದು ಸಣ್ಣ ಬಾಡಿಗೆ ಸರ್ವರ್ ಹಿಡಿದು ವೈರ್‌ಗಾರ್ಡ್ ಅನ್ನುವ ವಿಪಿಎನ್ ಸುರಂಗ ಹಾಕಿದೆ. ಅಲ್ಲಿ ಯುಡಿಪಿ 51820 ತೆರೆದಿರುತ್ತದೆ, ಸ್ಟುಡಿಯೋ ಸರ್ವರ್ ತಾನೇ ಹೊರಗೆ ಹೋಗಿ ಅದಕ್ಕೆ ಸೇರಿಕೊಳ್ಳುತ್ತದೆ, ಶಿರಸಿಯ ರೂಟರ್‌ನಲ್ಲಿ ಯಾವ ಪೋರ್ಟ್ ಕೂಡ ತೆರೆಯಬೇಕಿಲ್ಲ. ಈ ಸುರಂಗದೊಳಗೆ ಎಸ್‌ಎಂಬಿಯನ್ನೂ ಹಾಕಿ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಫೋಲ್ಡರ್ ತೆರೆಯಲು ಹೋಗಿ ಬಂದು ಮಾಡುವುದು ತುಂಬ ಇರುವುದರಿಂದ ದೂರದ ಲೈನ್‌ನಲ್ಲಿ ಎಳೆದಾಡುತ್ತದೆ. ಎಸ್‌ಎಫ್‌ಟಿಪಿಯೇ ಇರಲಿ ಅಂತ ಎಡಿಟರ್ ಕೂಡ ಹೇಳಿದರು.

ಸಿಜಿನ್ಯಾಟ್ ಇದೆಯಲ್ಲ, ಹೊರಗಿನವರು ಹೇಗೂ ಬರಲಾರರು ಅಂತ ಫೈರ್‌ವಾಲ್ ಹಾಕದೇ ಇರುವವರಿದ್ದಾರೆ. ಅದು ಹಳೆಯ ವಿಳಾಸ ಪದ್ಧತಿ ಐಪಿವಿ4ಗೆ ಮಾತ್ರ. ಈಗಿನ ಫೈಬರ್ ಕನೆಕ್ಷನ್‌ಗಳಲ್ಲಿ ಹೊಸ ಪದ್ಧತಿ ಐಪಿವಿ6 ಕೂಡ ಬರುತ್ತದೆ, ಅದರಲ್ಲಿ ಪ್ರತಿ ಮಷಿನ್‌ಗೂ ಹೊರಗಿಂದ ತಲುಪಬಲ್ಲ ವಿಳಾಸ ಸಿಗುತ್ತದೆ, ತಡೆಯುವುದು ಬಿಡುವುದು ರೂಟರ್‌ನ ಸೆಟ್ಟಿಂಗ್ ಮೇಲೆ. ಯುಎಫ್‌ಡಬ್ಲ್ಯುನಲ್ಲಿ ಐಪಿವಿ6 ಯೆಸ್ ಅಂತ ಇದೆಯಾ ನೋಡಿಕೊಳ್ಳಿ, ನಿಯಮ ಬರೆಯುವಾಗ ಬರೀ ಪೋರ್ಟ್ ನಂಬರ್ ಹೇಳದೆ ಯಾವ ವಿಳಾಸಗಳಿಂದ ಅಂತಲೂ ಹೇಳಿ. ಆಮೇಲೆ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಸರ್ವರ್‌ನ ಐಪಿವಿ6 ವಿಳಾಸಕ್ಕೆ 445 ತಟ್ಟಿ ನೋಡಿ. ಉತ್ತರ ಬಂದರೆ ಉಳಿದ ಕೆಲಸ ಬಿಟ್ಟು ಮೊದಲು ಅದನ್ನು ಮುಚ್ಚಿ.